ತೆಗೆದುಹಾಕಿದ್ದಾಯಿತು, ಗಳಿಸಿದ ಹಣದ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರಿಗೆ,

ಸಾಮಾಜಿಕ ಜಾಲತಾಣಗಳ ಹೊಣೆಗಾರಿಕೆಯ ಬಗ್ಗೆ ನಡೆಯುತ್ತಿರುವ ಚರ್ಚೆಯನ್ನು ಕೆಲವು ವರ್ಷಗಳಿಂದ ಗಮನಿಸುತ್ತಾ ಬಂದಿದ್ದೇನೆ. ಚರ್ಚೆ ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಯಾವುದನ್ನು ತೆಗೆಸಬೇಕು, ತೆಗೆಸುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯ ಮುಂದೆಯೇ. 2025ರ ಜೂನ್‌ನಲ್ಲಿ ನಮ್ಮ ರಾಜ್ಯದ ಸುಳ್ಳುಸುದ್ದಿ ನಿಷೇಧ ಮಸೂದೆಯ ಕರಡು ಸುದ್ದಿಯಾದಾಗ ಎದ್ದದ್ದು ಈ ಪ್ರಶ್ನೆ. ಮರುತಿಂಗಳು ಧರ್ಮಸ್ಥಳ ಪ್ರಕರಣದ ಬಗೆಗಿನ ಎಂಟು ಸಾವಿರಕ್ಕೂ ಹೆಚ್ಚು ಲಿಂಕ್‌ಗಳನ್ನು ತೆಗೆಯುವಂತೆ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಮಧ್ಯಂತರ ಆದೇಶ ನೀಡಿದಾಗಲೂ, ಯೂಟ್ಯೂಬ್ ಚಾನೆಲೊಂದರ ಅರ್ಜಿಯ ಮೇಲೆ ಹೈಕೋರ್ಟ್ ಆಗಸ್ಟ್ 1ರಂದು ಅದನ್ನು ಬದಿಗಿರಿಸಿದಾಗಲೂ ಕೇಳಿಬಂದದ್ದು ಅದೇ. ಜಾಲತಾಣಗಳಿಗೆ ತೆಗೆಯುವ ಸೂಚನೆ ಕಳಿಸಲು ಕೇಂದ್ರ ಮಾಡಿಕೊಂಡಿರುವ ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಹೂಡಿದ್ದ ಅರ್ಜಿಯನ್ನು ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟ್ ವಜಾ ಮಾಡಿದ ದಿನವೂ ಟಿ.ವಿ.ಗಳಲ್ಲಿ ಕೂತವರು ಅದನ್ನೇ ಮತ್ತೊಮ್ಮೆ ಚರ್ಚಿಸಿದರು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಹಕಾರ ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದು ನಿವೃತ್ತನಾದವನು. ಹಾಲಿನ ಸೊಸೈಟಿ, ಪತ್ತಿನ ಸಂಘ, ಅಡಿಕೆ ಮಾರಾಟ ಸಂಘಗಳ ದಫ್ತರಗಳ ನಡುವೆ ಬದುಕು ಕಳೆದವನ ಕಣ್ಣಿಗೆ ಈ ಎಲ್ಲ ಗದ್ದಲದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ತೆಗೆಸಬೇಕೆಂದು ಕೇಳಿದ ಆ ವಿಡಿಯೊಗಳು ದುಡಿದ ಹಣ ಎಷ್ಟು, ಅದರಲ್ಲಿ ಮಾಡಿದವರ ಪಾಲೆಷ್ಟು, ಅವನ್ನು ತೋರಿಸಿದ ವೇದಿಕೆಯ, ಅಂದರೆ ಜಾಲತಾಣದ ಕಂಪನಿಯ ಪಾಲೆಷ್ಟು, ತೆಗೆದ ಮೇಲೆ ಆ ಹಣ ಯಾರ ಬಳಿ ಉಳಿಯಿತು ಎಂದು ಅರ್ಜಿದಾರರೂ ಕೇಳಿದಂತಿಲ್ಲ, ಸರ್ಕಾರವೂ ಕೇಳಿದಂತಿಲ್ಲ. ಸೊಸೈಟಿಯಲ್ಲಿ ಕಲಬೆರಕೆ ಹಾಲು ಸಿಕ್ಕಿತೆಂದು ಕ್ಯಾನನ್ನು ಚರಂಡಿಗೆ ಸುರಿದು, ಅದರ ಬಟವಾಡೆಯನ್ನು ಮಾತ್ರ ಯಾರೂ ನೋಡದೆ ಬಿಟ್ಟಂತೆ ಇದು.

ವ್ಯವಸ್ಥೆ ನಡೆಯುವ ಬಗೆಯನ್ನು ಮೊದಲು ಚುಟುಕಾಗಿ ಹೇಳುತ್ತೇನೆ. ಯೂಟ್ಯೂಬ್‌ನಲ್ಲಿ ಚಾನೆಲ್ ತೆರೆದವರಿಗೆ ಒಂದು ಸಾವಿರ ಚಂದಾದಾರರು, ಹಿಂದಿನ ಹನ್ನೆರಡು ತಿಂಗಳಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಇದ್ದರೆ ಜಾಹೀರಾತಿನ ಪಾಲು ಕೇಳುವ ಅರ್ಹತೆ ಬರುತ್ತದೆ. 2018ರಲ್ಲಿ ತಂದ ನಿಯಮ ಇದು. ಚಿಕ್ಕ ವಿಡಿಯೊಗಳನ್ನೇ ಮಾಡುವವರಿಗೆ ತೊಂಬತ್ತು ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ ಎಂಬ ಬೇರೆ ದಾರಿ ಇದೆ. ಉದ್ದದ ವಿಡಿಯೊದ ಜಾಹೀರಾತು ಹಣದಲ್ಲಿ ಶೇ 55 ಮಾಡಿದವರಿಗೆ, ಶೇ 45 ಕಂಪನಿಗೆ. ಚಿಕ್ಕ ವಿಡಿಯೊಗಳಲ್ಲಿ ಹಣವನ್ನೆಲ್ಲ ಒಂದು ಕೊಪ್ಪರಿಗೆಗೆ ಹಾಕಿ, ಸಂಗೀತದ ಹಕ್ಕುದಾರರಿಗೆ ಕೊಡಬೇಕಾದದ್ದನ್ನು ತೆಗೆದಿಟ್ಟು, ಉಳಿದದ್ದನ್ನು ವೀಕ್ಷಣೆಯ ಪ್ರಮಾಣಕ್ಕೆ ತಕ್ಕಂತೆ ಹಂಚಿ, ಹಾಗೆ ಬಂದ ಪಾಲಿನಲ್ಲಿ ಶೇ 45ನ್ನು ಮಾಡಿದವರಿಗೆ ಕೊಡುತ್ತಾರೆ. ಎಕ್ಸ್ 2023ರ ಜುಲೈನಿಂದ ಹಣ ಹಂಚತೊಡಗಿತು. ಫೇಸ್‌ಬುಕ್ ತನ್ನ ಹಲವು ಬಗೆಯ ಪಾವತಿಗಳನ್ನು 2024ರಲ್ಲಿ ಒಂದೇ ಯೋಜನೆಯಡಿ ತರಲು ಹೊರಟಿತು. ಇದು ಸಣ್ಣ ವ್ಯವಹಾರವೆಂದು ಯಾರೂ ತಿಳಿಯಬಾರದು: ಹಿಂದಿನ ಮೂರು ವರ್ಷಗಳಲ್ಲಿ ಭಾರತದ ವಿಡಿಯೊ ತಯಾರಕರಿಗೆ, ಕಲಾವಿದರಿಗೆ, ಮಾಧ್ಯಮ ಕಂಪನಿಗಳಿಗೆ ರೂ. 21,000 ಕೋಟಿಗೂ ಹೆಚ್ಚು ಕೊಟ್ಟಿದ್ದೇವೆ ಎಂದು ಯೂಟ್ಯೂಬ್ ಮುಖ್ಯಸ್ಥ ನೀಲ್ ಮೋಹನ್ 2025ರ ಮೇ 1ರಂದು ಮುಂಬೈಯ ಸಮಾವೇಶದಲ್ಲಿ ಹೇಳಿದರು. ಕೊಟ್ಟ ಮೊತ್ತವನ್ನು ಅವರು ಎಲ್ಲರ ಮುಂದೆ ಹೇಳಿದರು. ಅದೇ ಮೂರು ವರ್ಷಗಳಲ್ಲಿ ಭಾರತದಿಂದ ಎತ್ತಿದ ಜಾಹೀರಾತು ಹಣ ಎಷ್ಟು, ಅದರಲ್ಲಿ ಕನ್ನಡದ ವಿಡಿಯೊಗಳಿಂದ ಬಂದದ್ದೆಷ್ಟು, ತಪ್ಪೆಂದು ಆಮೇಲೆ ತೆಗೆದ ವಿಡಿಯೊಗಳಿಂದ ಬಂದದ್ದೆಷ್ಟು ಎಂಬುದನ್ನೂ ಹೇಳಿದ್ದರೆ ಈ ಪತ್ರದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ಹಣ ಕೊಡುವ ನಿಯಮ ಹೇಗಿದೆಯೋ ಮಾತು ಹಾಗೆ ಬೆಳೆಯುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ವಿಡಿಯೊ ಎಂಟು ನಿಮಿಷ ದಾಟಿದರೆ ಅದರ ನಡುವೆಯೂ ಜಾಹೀರಾತು ಹಾಕಬಹುದು; 2020ರ ಜುಲೈಗೆ ಮೊದಲು ಈ ಮಿತಿ ಹತ್ತು ನಿಮಿಷವಿತ್ತು. ಮೂರು ನಿಮಿಷದಲ್ಲಿ ಮುಗಿಯಬೇಕಾದ ತಂಬುಳಿ ಮಾಡುವ ವಿಧಾನಕ್ಕೆ ಅಜ್ಜಿಯ ನೆನಪು, ಪಾತ್ರೆಯ ಇತಿಹಾಸ, ‘ಕೊನೆಯವರೆಗೂ ನೋಡಿ’ ಎಂಬ ಬೇಡಿಕೆಗಳು ಏಕೆ ಸೇರಿಕೊಳ್ಳುತ್ತವೆ ಎಂದು ನನ್ನ ಹೆಂಡತಿ ಬಹಳ ದಿನ ತಲೆ ಕೆಡಿಸಿಕೊಂಡಿದ್ದಳು. ಉತ್ತರ ಈ ಎಂಟು ನಿಮಿಷದಲ್ಲಿದೆ. ತಂಬುಳಿಯ ವಿಷಯದಲ್ಲಿ ಇದು ನಗುವ ಸಂಗತಿ. ಒಂದು ಸಾವಿನ ಸುದ್ದಿಯಲ್ಲಿ, ಎರಡು ಕೋಮುಗಳ ಜಗಳದಲ್ಲಿ, ಯಾರದೋ ಮನೆಯ ಹೆಣ್ಣುಮಗಳ ಪ್ರಕರಣದಲ್ಲಿ ಇದೇ ಲೆಕ್ಕ ಕೆಲಸ ಮಾಡಿದಾಗ ನಗುವಂತಿಲ್ಲ. 2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಮ್ಯಾಸಿಡೋನಿಯದ ವೆಲೆಸ್ ಎಂಬ ಪಟ್ಟಣದ ಹದಿಹರೆಯದ ಹುಡುಗರು ಸಾಲುಸಾಲು ಸುಳ್ಳುಸುದ್ದಿಯ ತಾಣಗಳನ್ನು ನಡೆಸಿದ್ದು ಬಯಲಾಯಿತು. ಅವರಲ್ಲಿ ಹೆಚ್ಚಿನವರಿಗೆ ಅಲ್ಲಿ ಯಾರು ಗೆದ್ದರೂ ಒಂದೇ; ಅವರನ್ನು ಎಳೆದದ್ದು ಗೂಗಲ್‌ನ ಜಾಹೀರಾತು ವ್ಯವಸ್ಥೆಯಾದ ಆಡ್‌ಸೆನ್ಸ್‌ನಿಂದ ಬರುತ್ತಿದ್ದ ಹಣ. ಎಕ್ಸ್ ಕಂಪನಿಯ ಒಡೆಯ ಇಲಾನ್ ಮಸ್ಕ್ ಕೂಡ ಈ ನಂಟನ್ನು ಒಪ್ಪಿಕೊಂಡವರೇ: ಬಳಕೆದಾರರ ತಿದ್ದುಪಡಿ ಟಿಪ್ಪಣಿ ಬಿದ್ದ ಪೋಸ್ಟ್‌ಗಳಿಗೆ ಇನ್ನು ಹಣದ ಪಾಲಿಲ್ಲ ಎಂದು ಅವರು 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಅಂದಿನಿಂದ ಹಾಗೆ ತಡೆಹಿಡಿದ ಹಣ ಎಷ್ಟು, ಎಷ್ಟು ಪೋಸ್ಟ್‌ಗಳದ್ದು ಎಂಬ ಪಟ್ಟಿಯನ್ನು ಮಾತ್ರ ನಾನು ಎಲ್ಲೂ ಕಂಡಿಲ್ಲ.

ನಮ್ಮ ಹಳ್ಳಿಗಳ ಹಾಲಿನ ಸೊಸೈಟಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ಬಂದ ರೈತ ಮಹಿಳೆಗೆ ಹಾಲು ಎಷ್ಟು ಲೀಟರ್, ಜಿಡ್ಡಿನಾಂಶ ಎಷ್ಟು, ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ಎಷ್ಟು, ಲೀಟರಿಗೆ ದರ ಎಷ್ಟು, ಒಟ್ಟು ಎಷ್ಟು ಎಂಬ ಚೀಟಿ ಅಲ್ಲೇ ಕೈಗೆ ಬರುತ್ತದೆ. ಅನುಮಾನವಿದ್ದರೆ ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಆಕೆ ಜಗಳವಾಡಬಹುದು, ಆಡುತ್ತಾಳೆ ಕೂಡ. ಆ ಸೊಸೈಟಿಯ ಲೆಕ್ಕವನ್ನು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 63ನೇ ಕಲಂ ಪ್ರಕಾರ ಪ್ರತಿ ವರ್ಷ ಹೊರಗಿನವರು ಪರಿಶೋಧಿಸಬೇಕು. ಅಡಿಕೆ ಮಂಡಿಯಲ್ಲಿ ದಲ್ಲಾಳಿಯೂ ತೂಕ, ದರ, ಹಮಾಲಿ ಎಲ್ಲ ಬರೆದ ಪಟ್ಟಿ ಕೊಡದೆ ಹಣ ಮುರಿದುಕೊಳ್ಳುವಂತಿಲ್ಲ. ಈ ವ್ಯವಸ್ಥೆಗಳಲ್ಲಿ ಮೋಸವೇ ನಡೆಯುವುದಿಲ್ಲ ಎಂದು ಹೇಳಿದರೆ ನನ್ನ ಹಳೆಯ ಸಹೋದ್ಯೋಗಿಗಳೇ ನಕ್ಕಾರು. ಆದರೆ ಮೋಸ ನಡೆದಾಗ ಹಿಡಿಯಲು ಒಂದು ಕಾಗದ ಇರುತ್ತದೆ.

ನನ್ನ ತಂಗಿಯ ಮಗಳು ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಕೂತು ಪತ್ರೊಡೆ, ಅಪ್ಪೆಮಿಡಿ, ಕಳಲೆ ಮೊದಲಾದವುಗಳ ವಿಡಿಯೊ ಮಾಡುತ್ತಾಳೆ. ಮೂರು ವರ್ಷ ಕಷ್ಟಪಟ್ಟು ಒಂದು ಮಟ್ಟಕ್ಕೆ ಬಂದ ಮೇಲೆ ತಿಂಗಳಿಗೆ ಆರೇಳು ಸಾವಿರ ಬರತೊಡಗಿತ್ತು. ಒಂದು ಬೆಳಿಗ್ಗೆ ‘ಮರುಬಳಕೆಯ ವಿಷಯ’ ಎಂಬ ಕಾರಣ ಕೊಟ್ಟು ಅವಳ ಚಾನೆಲ್ಲಿನ ಹಣ ನಿಲ್ಲಿಸಿದರು. ಯಾವ ವಿಡಿಯೊ, ಯಾರಿಂದ ಮರುಬಳಕೆ, ಯಾವ ನಿಮಿಷದಲ್ಲಿ ಎಂಬುದಾವುದೂ ಇಲ್ಲ. ತನ್ನ ಅಡುಗೆಮನೆಯಲ್ಲೇ ನಿಂತು, ತನ್ನ ಕೈಯನ್ನೇ ತೋರಿಸಿ ಮೇಲ್ಮನವಿಯ ವಿಡಿಯೊ ಕಳಿಸಿದಳು. ಎರಡು ಸಾಲಿನ ಇಂಗ್ಲಿಷ್ ಉತ್ತರ ಬಂತು. ಅದನ್ನು ಮನುಷ್ಯರು ಬರೆದರೋ ಯಂತ್ರ ಬರೆಯಿತೋ ಇಂದಿಗೂ ಗೊತ್ತಿಲ್ಲ. ಆ ವೇದಿಕೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಇದು ಒಂದೇ ವೇದಿಕೆಯ ರೋಗ ಎಂದು ನಾನು ನಂಬಿಲ್ಲ. ಆ ಮಗು ಅತ್ತದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆ: ಹಣ ನಿಂತ ಮೇಲೂ ಅವಳ ವಿಡಿಯೊಗಳ ಮೇಲೆ ಜಾಹೀರಾತು ಬರುತ್ತಲೇ ಇತ್ತು.

ಇದು ಕಣ್ತಪ್ಪಿನಿಂದ ಆದದ್ದು ಎಂದು ಮೊದಲು ಭಾವಿಸಿದ್ದೆ. ಹುಡುಕಿ ಓದಿದಾಗ ತಿಳಿಯಿತು, ಉದಾಹರಣೆಗೆ ಯೂಟ್ಯೂಬ್ 2020ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ, ಮರುವರ್ಷ ಉಳಿದೆಡೆ ತನ್ನ ಷರತ್ತುಗಳನ್ನು ತಿದ್ದಿ, ಹಣದ ಪಾಲು ಪಡೆಯದ ಚಾನೆಲ್‌ಗಳ ವಿಡಿಯೊಗಳ ಮೇಲೂ ಜಾಹೀರಾತು ಹಾಕುವ ಹಕ್ಕನ್ನು ತಾನೇ ಬರೆದುಕೊಂಡಿದೆ. ಆ ಹಣದಲ್ಲಿ ವಿಡಿಯೊ ಮಾಡಿದವರಿಗೆ ಪಾಲಿಲ್ಲ. ‘ಈ ಚಾನೆಲ್ಲಿಗೆ ಹಣ ನಿಲ್ಲಿಸಿದೆವು’ ಎಂದು ಕಂಪನಿ ಹೇಳಿದಾಗ ನಾವು ಅದನ್ನು ಶಿಕ್ಷೆ ಎಂದು ಓದುತ್ತೇವೆ. ಪಾಲುದಾರನ ಹೆಸರು ಹೊಡೆದುಹಾಕಿ ಅವನ ಪಾಲನ್ನೂ ತನ್ನ ಖಾತೆಗೆ ಜಮಾ ಮಾಡಿಕೊಂಡ ಮಾಲೀಕ ತಾನು ಶಿಸ್ತುಕ್ರಮ ತೆಗೆದುಕೊಂಡೆನೆಂದು ಹೇಳಿದರೆ, ಲೆಕ್ಕಪರಿಶೋಧಕ ಅದನ್ನು ಆಕ್ಷೇಪಣೆಯ ಕಲಮಿನಲ್ಲಿ ಬರೆಯುತ್ತಾನೆ.

ಇನ್ನು ಜಾಹೀರಾತಿನ ಕಡೆ. ನಮ್ಮ ಬೀದಿಯ ಕೊನೆಯ ಮನೆಯ ನಿವೃತ್ತ ಶಿಕ್ಷಕರೊಬ್ಬರು ಎನ್.ಆರ್. ನಾರಾಯಣ ಮೂರ್ತಿಯವರೇ ಶಿಫಾರಸು ಮಾಡುತ್ತಿರುವಂತೆ ಕಾಣುತ್ತಿದ್ದ ಹೂಡಿಕೆಯ ಜಾಹೀರಾತು ನಂಬಿ ಗ್ರಾಚ್ಯುಯಿಟಿ ಹಣದ ದೊಡ್ಡ ಭಾಗ ಕಳೆದುಕೊಂಡರು. ಅಂಥ ವಿಡಿಯೊಗಳು ನಕಲಿ, ತಮಗೂ ಆ ವಹಿವಾಟುಗಳಿಗೂ ಸಂಬಂಧವಿಲ್ಲ ಎಂದು ಮೂರ್ತಿಯವರು 2023ರ ಡಿಸೆಂಬರ್‌ನಲ್ಲೇ ಬಹಿರಂಗವಾಗಿ ಎಚ್ಚರಿಸಿದ್ದರು. ಸೈಬರ್ ಠಾಣೆಯಲ್ಲಿ ಬರೆದುಕೊಂಡ ದೂರಿನಲ್ಲಿ ಹಣ ಹೋದ ಬ್ಯಾಂಕ್ ಖಾತೆಗಳ ವಿವರವಿದೆ, ವಾಟ್ಸ್‌ಆ್ಯಪ್ ನಂಬರುಗಳಿವೆ. ಆ ಜಾಹೀರಾತನ್ನು ಮೇಷ್ಟರ ಫೋನಿಗೇ ತಲುಪಿಸಲು ಯಾರೋ ಒಂದು ದರ ಕಟ್ಟಿದ್ದರಲ್ಲ, ಆ ದರ ಪಡೆದವರ ವಿಷಯ ದೂರಿನಲ್ಲಿ ಇಲ್ಲ. ಪತ್ರಿಕೆಯ ಜಾಹೀರಾತಿನಂತೆ ಅದು ಎಲ್ಲರಿಗೂ ಒಂದೇ ಸಲ ಕಂಡದ್ದಲ್ಲ. ವಯಸ್ಸು, ಊರು, ಹಿಂದೆ ಯಾವುದರ ಮೇಲೆ ಬೆರಳಿಟ್ಟಿದ್ದರು ಎಂಬುದನ್ನೆಲ್ಲ ನೋಡಿ ಯಂತ್ರವೇ ಇವರನ್ನು ಆರಿಸಿತ್ತು, ಒಮ್ಮೆ ಕ್ಲಿಕ್ ಮಾಡಿದ ಮೇಲೆ ಅಂಥವನ್ನೇ ಮತ್ತಷ್ಟು ತೋರಿಸಿತ್ತು.

ರಾಯಿಟರ್ಸ್ ಸುದ್ದಿಸಂಸ್ಥೆ ಫೇಸ್‌ಬುಕ್‌ನ ಒಡೆತನವಿರುವ ಮೆಟಾ ಕಂಪನಿಯ ಆಂತರಿಕ ದಾಖಲೆಗಳನ್ನು ಆಧರಿಸಿ 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ವರದಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ವಂಚನೆಯ ಮತ್ತು ನಿಷೇಧಿತ ಸರಕುಗಳ ಜಾಹೀರಾತಿನಿಂದ 2024ರ ಆದಾಯದ ಸುಮಾರು ಶೇ 10ರಷ್ಟು, ಅಂದರೆ ಸುಮಾರು 1,600 ಕೋಟಿ ಡಾಲರ್ ಬರಬಹುದೆಂದು ಕಂಪನಿಯೊಳಗೇ ಅಂದಾಜು ಮಾಡಲಾಗಿತ್ತು ಎಂದು ಆ ವರದಿ ಹೇಳಿತು. ಜಾಹೀರಾತುದಾರ ವಂಚಕನೆಂದು ಶೇ 95ರಷ್ಟು ಖಾತ್ರಿಯಾದರೆ ಮಾತ್ರ ಅವನನ್ನು ಹೊರಹಾಕುವುದು, ಅದಕ್ಕಿಂತ ಕಡಿಮೆ ಅನುಮಾನವಿದ್ದರೆ ದಂಡದ ರೂಪದಲ್ಲಿ ಅವನಿಂದ ಹೆಚ್ಚಿನ ದರ ವಸೂಲಿ ಮಾಡುವುದು ಎಂಬ ಪದ್ಧತಿ ಇತ್ತೆಂದೂ ಹೇಳಿತು. ಅಂದಾಜು ಒರಟಾದದ್ದು, ಎಲ್ಲವನ್ನೂ ಒಳಗೆ ಸೇರಿಸಿಕೊಂಡದ್ದು, ದಾಖಲೆಗಳನ್ನು ಆಯ್ದು ತೋರಿಸಲಾಗಿದೆ ಎಂಬುದು ಕಂಪನಿಯ ಉತ್ತರ. ಇರಬಹುದು. ಹಾಗಿದ್ದರೆ ಸರಿಯಾದ ಅಂಕಿ ಯಾವುದು ಎಂದು ಹೊರಗಿನ ಪರಿಶೋಧಕರ ಸಹಿಯೊಂದಿಗೆ ಪ್ರಕಟಿಸಬಹುದಲ್ಲ? ಕಳ್ಳನೆಂಬ ಅನುಮಾನವಿರುವ ಗಿರಾಕಿಗೆ ಬಾಡಿಗೆ ಹೆಚ್ಚಿಸಿ ಕೋಣೆ ಕೊಡುವ ಲಾಡ್ಜಿನವನನ್ನು ನಮ್ಮ ಪೊಲೀಸರು ಯಾವ ಹೆಸರಿನಿಂದ ಕರೆಯುತ್ತಾರೆಂದು ಎಲ್ಲರಿಗೂ ಗೊತ್ತು.

ಸಂಪಾದಕರೇ, ನಿಮ್ಮ ಉದ್ಯಮವೇ ಇದಕ್ಕೆ ಒಂದು ಅಳತೆಗೋಲು. ಪ್ರತಿ ವರ್ಷ ಫೆಬ್ರುವರಿ ಕಳೆದ ಮೇಲಿನ ಮೊದಲ ಸಂಚಿಕೆಯಲ್ಲಿ ಪತ್ರಿಕೆಯ ಮೂಲೆಯೊಂದರಲ್ಲಿ ‘ನಮೂನೆ 4’ ಎಂಬ ಪ್ರಕಟಣೆ ಬರುತ್ತಿದ್ದುದನ್ನು ಹಳೆಯ ಓದುಗರು ಬಲ್ಲರು. ಪ್ರಕಟಣೆಯ ಸ್ಥಳ, ಮುದ್ರಕರು, ಪ್ರಕಾಶಕರು, ಸಂಪಾದಕರು, ಬಂಡವಾಳದಲ್ಲಿ ಶೇಕಡ ಒಂದಕ್ಕಿಂತ ಹೆಚ್ಚು ಪಾಲಿರುವವರ ಹೆಸರು ಅದರಲ್ಲಿರುತ್ತಿದ್ದವು. ಎಂಟು ಪುಟದ ಜಿಲ್ಲಾ ಪತ್ರಿಕೆಯೂ ಅದನ್ನು ಅಚ್ಚು ಹಾಕಬೇಕಿತ್ತು. ಎಷ್ಟು ಪ್ರತಿ ಮಾರಾಟವಾಗುತ್ತದೆ ಎಂದು ಪತ್ರಿಕೆಗಳು ತಾವೇ ಹೇಳಿಕೊಂಡರೆ ಜಾಹೀರಾತುದಾರರು ನಂಬುವುದಿಲ್ಲವೆಂದು 1948ರಲ್ಲೇ ಪ್ರಸಾರ ಸಂಖ್ಯೆಯ ಪರಿಶೋಧನೆಗೆ ಎಬಿಸಿ ಎಂಬ ಸಂಸ್ಥೆ ಹುಟ್ಟಿತು. ವೇದಿಕೆಗಳ ಸಂಖ್ಯೆಯನ್ನು ಎಣಿಸುವವರೂ ಅವರೇ, ಅದಕ್ಕೆ ದರ ಕಟ್ಟುವವರೂ ಅವರೇ, ಪ್ರಮಾಣಪತ್ರ ಕೊಡುವವರೂ ಬಹುಮಟ್ಟಿಗೆ ಅವರೇ. ಜನರು ಒಂದು ವಿಡಿಯೊವನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಎಂಬ ಅಂಕಿಯನ್ನು ಎರಡು ವರ್ಷ ಕಾಲ ಉಬ್ಬಿಸಿ ಹೇಳಿದ್ದಾಗಿ ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿತು. ಜಾಹೀರಾತುದಾರರು ಹೂಡಿದ ದಾವೆ 2019ರಲ್ಲಿ 4 ಕೋಟಿ ಡಾಲರ್ ಪರಿಹಾರದ ರಾಜಿಯಲ್ಲಿ ಮುಗಿಯಿತು. ಆ ಉಬ್ಬಿದ ಅಂಕಿಗಳನ್ನು ನಂಬಿ ವರದಿಗಾರರನ್ನು ಕೆಲಸದಿಂದ ಕಳಿಸಿ ವಿಡಿಯೊ ವಿಭಾಗ ಕಟ್ಟಿದ ಸುದ್ದಿಮನೆಗಳಿಗೆ ಆ ರಾಜಿಯಲ್ಲಿ ಪಾಲಿರಲಿಲ್ಲ.

ನಮ್ಮಲ್ಲಿ ಕಾನೂನೇ ಇಲ್ಲವೆಂದಲ್ಲ. 2021ರ ಫೆಬ್ರುವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ 50 ಲಕ್ಷಕ್ಕೂ ಹೆಚ್ಚು ನೋಂದಾಯಿತ ಬಳಕೆದಾರರಿರುವ ವೇದಿಕೆಗಳು ಪ್ರತಿ ತಿಂಗಳೂ ವರದಿ ಪ್ರಕಟಿಸಬೇಕು. ಬಂದ ದೂರುಗಳೆಷ್ಟು, ತೆಗೆದ ಲಿಂಕ್‌ಗಳೆಷ್ಟು ಎಂಬುದು ಅದರಲ್ಲಿರುತ್ತದೆ, ರೂಪಾಯಿಯ ಕಾಲಂ ಇರುವುದಿಲ್ಲ. ಹಣ ಪಡೆದು ತೋರಿಸುವುದನ್ನು ಜಾಹೀರಾತೆಂದು ಗುರುತಿಸಬೇಕೆಂಬ ಮಾತು ಅದೇ ನಿಯಮಗಳಲ್ಲಿದೆ. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಜಾಲತಾಣಗಳಲ್ಲಿ ಸರಕಿನ ಪ್ರಚಾರ ಮಾಡುವ ‘ಇನ್‌ಫ್ಲುಯೆನ್ಸರ್’ಗಳಿಗೆಂದು ಮಾರ್ಗಸೂಚಿ ತಂದಿತು. ದಾರಿ ತಪ್ಪಿಸುವ ಪ್ರಚಾರಕ್ಕೆ ರೂ. 10 ಲಕ್ಷ, ಮತ್ತೆ ಮಾಡಿದರೆ ರೂ. 50 ಲಕ್ಷದವರೆಗೆ ದಂಡವಿದೆ. ಷೇರು ಸಲಹೆ ಕೊಡುವ ಯೂಟ್ಯೂಬರ್‌ಗಳ ಮೇಲೆ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ಬಿಗಿ ಹಿಡಿತ ತಂದಿದೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳ ಜೊತೆಗೆ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಇವೆಲ್ಲ ಬೇಕಾದವೇ. ಆದರೆ ಇವುಗಳಲ್ಲಿ ಹೆಚ್ಚಿನವುಗಳ ಬೆತ್ತ ಬೀಳುವುದು ಕ್ಯಾಮೆರಾ ಮುಂದೆ ನಿಂತವರ ಬೆನ್ನಿಗೆ. ಅವರನ್ನು ಲಕ್ಷಾಂತರ ಜನರ ಮುಂದೆ ತಂದು ನಿಲ್ಲಿಸಿ, ಪ್ರತಿ ನೋಟಕ್ಕೂ ಸುಂಕ ಪಡೆದವರು ‘ನಾವು ಬರೀ ಮಧ್ಯವರ್ತಿಗಳು’ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನ ಕೊಡೆಯಡಿ ನಿಲ್ಲುತ್ತಾರೆ. ಟಪಾಲಿನವನು ಕಾಗದದ ಒಳಗಿನದಕ್ಕೆ ಹೊಣೆಯಲ್ಲ ಎಂಬುದು ಆ ಕಲಮಿನ ಹಿಂದಿರುವ ನ್ಯಾಯ, ಅದು ಸರಿಯಾದ ನ್ಯಾಯವೇ. ಯಾವ ಕಾಗದ ಹೆಚ್ಚು ಜನ ಒಡೆಯುತ್ತಾರೆಂದು ನೋಡಿ ಅದನ್ನು ಇನ್ನಷ್ಟು ಮನೆಗೆ ಹಂಚಿ, ಬರೆದವನ ಜೊತೆ ಲಾಭ ಹಂಚಿಕೊಂಡವನಿಗೂ ಅದು ಅನ್ವಯಿಸಬೇಕೇ ಎಂಬುದು ನನ್ನ ಸಂಶಯ.

ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2024ರ ಫೆಬ್ರುವರಿ 17ರಂದು. ಅದರ 17ನೇ ವಿಧಿ ಹೇಳುವಂತೆ, ಯಾರದೇ ಹಣದ ಪಾವತಿಯನ್ನು ತಡೆದರೆ ಅಥವಾ ನಿಲ್ಲಿಸಿದರೆ ಅದಕ್ಕೆ ಸ್ಪಷ್ಟ, ನಿರ್ದಿಷ್ಟ ಕಾರಣ ಕೊಡಬೇಕು. ಯಂತ್ರ ತೀರ್ಮಾನಿಸಿದ್ದೋ ಎಂಬುದನ್ನೂ ತಿಳಿಸಬೇಕು. ಮೇಲ್ಮನವಿಯನ್ನು ಯಂತ್ರದ ಕೈಯಲ್ಲಷ್ಟೇ ತೀರ್ಮಾನಿಸುವಂತಿಲ್ಲ. ಅತಿ ದೊಡ್ಡ ವೇದಿಕೆಗಳು ತೋರಿಸಿದ ಪ್ರತಿ ಜಾಹೀರಾತೂ, ಅದಕ್ಕೆ ಹಣ ಕೊಟ್ಟವರ ಹೆಸರೂ ಸಾರ್ವಜನಿಕ ಸಂಗ್ರಹದಲ್ಲಿರಬೇಕು. ಈ ಸಂಗ್ರಹದ ದೋಷಗಳೂ ಸೇರಿದಂತೆ ಮೂರು ಕಾರಣಗಳಿಗೆ ಎಕ್ಸ್ ಕಂಪನಿಗೆ 2025ರ ಡಿಸೆಂಬರ್‌ನಲ್ಲಿ 12 ಕೋಟಿ ಯೂರೊ ದಂಡ ಬಿತ್ತು. ಡಬ್ಲಿನ್‌ನಲ್ಲಿ ಕೂತು ಕನ್ನಡದಲ್ಲಿ ಹೋಳಿಗೆ ಮಾಡಿ ತೋರಿಸುವ ನಮ್ಮವರಿಗೆ ಈ ಹಕ್ಕಿದೆ. ಅದೇ ವೇದಿಕೆಯಲ್ಲಿ, ಅದೇ ಭಾಷೆಯಲ್ಲಿ, ಅದೇ ಹೋಳಿಗೆ ಮಾಡುವ ದಾವಣಗೆರೆಯವರಿಗೆ ಇಲ್ಲ. ಆ ಕಾಯ್ದೆಯನ್ನು ಹಾಗೇ ಎತ್ತಿ ತನ್ನಿ ಎಂದು ನಾನು ಹೇಳುತ್ತಿಲ್ಲ. ಯಾವ ವಿಷಯಕ್ಕೆ ಎಷ್ಟು ಹಣ ಹರಿಯಿತೆಂಬ ಲೆಕ್ಕವನ್ನು ಅದೂ ಕೇಳುವುದಿಲ್ಲ.

ನಾನು ಕೇಳುವ ಮಾನದಂಡದ ತಿರುಳು ಪ್ರತಿ ಸೊಸೈಟಿಯ ಕಾರ್ಯದರ್ಶಿಗೂ ಗೊತ್ತಿರುವಂಥದ್ದು. ಹಣದ ಪಾಲು ಪಡೆಯುವ, ಒಂದು ಗೊತ್ತಾದ ಮೊತ್ತಕ್ಕಿಂತ ಹೆಚ್ಚು ಗಳಿಸುವ ಚಾನೆಲ್‌ಗಳ ಸಾರ್ವಜನಿಕ ವಹಿ ಇರಲಿ: ಯಾವಾಗಿನಿಂದ ಪಾಲುದಾರ, ಎಂದು ನಿಲ್ಲಿಸಲಾಯಿತು, ಯಾವ ನಿಯಮದಡಿ, ಮತ್ತೆ ಯಾವಾಗ ಸೇರಿಸಲಾಯಿತು ಎಂಬುದಷ್ಟೇ ಅದರಲ್ಲಿ ಸಾಕು. ಮನೆ ವಿಳಾಸ, ಫೋನ್ ನಂಬರು ಬೇಡ. ಹೆಣ್ಣುಮಕ್ಕಳು ಹೆಚ್ಚಾಗಿ ಇರುವ ಕ್ಷೇತ್ರ ಇದು, ಅವರ ಸುರಕ್ಷತೆ ಮುಖ್ಯ. ವಿಡಿಯೊ ಮಾಡುವ ಪ್ರತಿಯೊಬ್ಬರಿಗೂ ತಿಂಗಳ ಪಟ್ಟಿ ಅವರ ಭಾಷೆಯಲ್ಲಿ ಬರಲಿ. ಜಾಹೀರಾತುದಾರ ಕೊಟ್ಟದ್ದೆಷ್ಟು, ನಡುವೆ ಯಾರಾರು ಮುರಿದುಕೊಂಡರು, ತನಗೆ ಉಳಿದದ್ದೆಷ್ಟು ಎಂಬುದು ಅದರಲ್ಲಿರಲಿ. ಈಗ ಅವರಿಗೆ ಕಾಣುವುದು ಸಾವಿರ ವೀಕ್ಷಣೆಗೆ ಇಷ್ಟು ಎಂಬ ಒಂದು ಸರಾಸರಿ. ಕನ್ನಡದ ವಿಡಿಯೊಗೆ ಸಿಗುವ ದರ ಇಂಗ್ಲಿಷಿಗಿಂತ ಕಡಿಮೆ ಎಂದು ಈ ಕೆಲಸದಲ್ಲಿರುವವರೆಲ್ಲ ಹೇಳುತ್ತಾರೆ. ಎಷ್ಟು ಕಡಿಮೆ, ಜಾಹೀರಾತಿನ ಹರಾಜಿನಲ್ಲಿ ಜಾಹೀರಾತುದಾರರು ಕಡಿಮೆ ಕೂಗುವುದರಿಂದಲೋ ಯಂತ್ರಕ್ಕೆ ಕನ್ನಡ ಸರಿಯಾಗಿ ಅರ್ಥವಾಗದೆ ‘ಜಾಹೀರಾತಿಗೆ ಸೂಕ್ತವಲ್ಲ’ ಎಂದು ಹಳದಿ ಡಾಲರ್ ಗುರುತು ಹಾಕುವುದರಿಂದಲೋ ಎಂಬುದನ್ನು ಹೊರಗಿನ ಪರಿಶೋಧಕರು ನೋಡಿ ಹೇಳಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ವಿಡಿಯೊ ನಿಯಮ ಮೀರಿದೆ ಎಂದು ತೀರ್ಮಾನವಾದರೆ ಅದರಿಂದ ಬಂದ ಹಣದಲ್ಲಿ ವೇದಿಕೆಯ ಪಾಲೂ ವೇದಿಕೆಯ ಬಳಿ ಉಳಿಯಬಾರದು. ವಂಚನೆಯ ಜಾಹೀರಾತಾದರೆ ಆ ಹಣ ಮೋಸ ಹೋದವರಿಗೆ ಸೇರಲಿ, ಉಳಿದಂತೆ ಜಾಹೀರಾತು ಕೊಟ್ಟವರಿಗೆ ಮರಳಲಿ, ಅದೂ ಆಗದಿದ್ದರೆ ಸರ್ಕಾರದ ಗ್ರಾಹಕ ಕಲ್ಯಾಣ ನಿಧಿಗೆ ಹೋಗಲಿ. ತಪ್ಪಿನಿಂದ ಲಾಭ ಉಳಿಯುವವರೆಗೆ ತಪ್ಪನ್ನು ಬೇಗ ಹುಡುಕುವ ಅವಸರ ಯಾರಿಗೂ ಇರುವುದಿಲ್ಲ. ಇದು ಆಗದ ಹೋಗದ ಮಾತು ಎಂದು ಕಂಪನಿಗಳು ಹೇಳಬಹುದು. ಯಾವುದಾದರೂ ವಿಡಿಯೊದಲ್ಲಿ ಸಿನಿಮಾ ಹಾಡಿನ ತುಣುಕು ಬಂದರೆ ಯೂಟ್ಯೂಬ್‌ನ ಯಂತ್ರ ಅದನ್ನು ಗುರುತು ಹಿಡಿದು ಹಣವನ್ನು ಹಾಡಿನ ಕಂಪನಿಯ ಕಡೆ ತಿರುಗಿಸುತ್ತದೆ. ಮಾಡಿದವರು ಐದು ದಿನದೊಳಗೆ ತಕರಾರು ಹೂಡಿದರೆ ಮೊದಲ ದಿನದಿಂದ ಬಂದ ಹಣವನ್ನು ಬೇರೆ ತೆಗೆದಿರಿಸಿ, ಇತ್ಯರ್ಥವಾದ ಮೇಲೆ ಗೆದ್ದವರಿಗೆ ಕೊಡುತ್ತದೆ. ವಿಡಿಯೊವಾರು, ದಿನವಾರು ಲೆಕ್ಕ ಇಡುವ ಪುಸ್ತಕ ಅವರ ಬಳಿ ಇದೆ ಎಂದಾಯಿತು. ಹಾಡಿನ ಕಂಪನಿಗೆ ಸಲ್ಲುವ ನ್ಯಾಯವನ್ನು ನಮ್ಮ ಬೀದಿಯ ಮೇಷ್ಟರಿಗೆ ಸಲ್ಲಿಸಲು ತಂತ್ರಜ್ಞಾನ ಸಾಲದು ಎಂಬ ಮಾತನ್ನು ನಾನು ಒಪ್ಪಲಾರೆ. ಜಾಹೀರಾತು ಕೊಡುವವರ ಗುರುತು ಪರಿಶೀಲಿಸುವುದೂ ಹಾಗೆಯೇ. ಸೆಬಿಯಲ್ಲಿ ನೋಂದಾಯಿತರಾದವರು ಗೂಗಲ್, ಮೆಟಾಗಳಲ್ಲಿ ಜಾಹೀರಾತು ಹಾಕುವ ಮೊದಲು ತಮ್ಮ ಅಧಿಕೃತ ಇ-ಮೇಲ್, ಫೋನ್ ವಿವರಗಳಿಂದ ಪರಿಶೀಲನೆಗೆ ಒಳಪಡಬೇಕೆಂದು 2025ರಲ್ಲಿ ಆ ಸಂಸ್ಥೆ ಹೇಳಿದಾಗ ವೇದಿಕೆಗಳು ಅದಕ್ಕೆ ದಾರಿ ಮಾಡಿದವು. ರಾಜಕೀಯ ಜಾಹೀರಾತುಗಳಿಗೆ ಯಾರು ಎಷ್ಟು ಖರ್ಚು ಮಾಡಿದರೆಂಬುದು 2019ರ ಲೋಕಸಭಾ ಚುನಾವಣೆಯಿಂದ ಎಲ್ಲರೂ ನೋಡುವಂತಿದೆ. ರಾಜಕೀಯಕ್ಕೆ ಆಗುವುದು ಮಂಡಿನೋವಿನ ಎಣ್ಣೆಗೆ, ಷೇರು ಟ್ರೇಡಿಂಗ್ ಆ್ಯಪಿಗೆ ಏಕೆ ಆಗಬಾರದು?

ಒಂದು ಅಪಾಯವನ್ನು ಮಾತ್ರ ನಾನು ಮುಚ್ಚಿಡುವುದಿಲ್ಲ. ಹಣದ ನಲ್ಲಿ ಸರ್ಕಾರದ ಕೈಗೆ ಸಿಕ್ಕರೆ ಅದು ಸೆನ್ಸಾರ್‌ಗಿಂತ ಸದ್ದಿಲ್ಲದ ಆಯುಧವಾಗುತ್ತದೆ. ವಿಡಿಯೊ ತೆಗೆಸಿದರೆ ಪ್ರತಿಭಟನೆಯಾದೀತು, ನ್ಯಾಯಾಲಯಕ್ಕೆ ಹೋದಾರು. ಆದಾಯ ಒಣಗಿಸಿದರೆ ಟೀಕಿಸುವ ಚಾನೆಲ್ ಆರು ತಿಂಗಳಲ್ಲಿ ತಾನಾಗಿ ಮುಚ್ಚುತ್ತದೆ. ಆದ್ದರಿಂದಲೇ ಸಚಿವರೇ ಅಧ್ಯಕ್ಷರಾಗಿ ಸುಳ್ಳುಸುದ್ದಿ ಯಾವುದೆಂದು ತೀರ್ಮಾನಿಸುವ ಪ್ರಾಧಿಕಾರವನ್ನು ಕಲ್ಪಿಸಿದ್ದ 2025ರ ಆ ಕರಡನ್ನು ಕಂಡು ಅನೇಕರಂತೆ ನನಗೂ ಅಳುಕಾಯಿತು. ನಾನು ಹೇಳುತ್ತಿರುವ ಮಾನದಂಡದಲ್ಲಿ ಯಾವ ಮಾತು ಸರಿ, ಯಾವುದು ತಪ್ಪು ಎಂದು ಹೇಳುವ ಅಧಿಕಾರ ಯಾವ ಮಂತ್ರಿಗೂ ಇಲ್ಲ. ನಿಯಮ ವೇದಿಕೆಯದ್ದೇ, ಕಾನೂನಿನ ತೀರ್ಮಾನ ನ್ಯಾಯಾಲಯದ್ದೇ. ಆ ನಿಯಮವನ್ನು ಎಲ್ಲರಿಗೂ ಒಂದೇ ಸಮ ಹಚ್ಚಿದರೋ, ಹಣ ಹೇಳಿದಂತೆ ಹರಿಯಿತೋ ಎಂದು ನೋಡುವುದಷ್ಟೇ ಪರಿಶೋಧಕನ ಕೆಲಸ. ಪರಿಶೋಧಕನನ್ನು ನೇಮಿಸುವುದು ಯಾರು ಎಂಬಲ್ಲಿ ತಕರಾರು ಏಳುತ್ತದೆ ಎಂದು ಬಲ್ಲೆ. ಸೊಸೈಟಿಗಳಲ್ಲೂ ಆ ತಕರಾರು ಇಂದಿಗೂ ಮುಗಿದಿಲ್ಲ.

ಇವೆಲ್ಲ ಕೇಂದ್ರದ ವ್ಯಾಪ್ತಿಯ ವಿಷಯಗಳು, ರಾಜ್ಯ ಏನು ಮಾಡೀತು ಎಂದು ಕೇಳುವವರಿದ್ದಾರೆ. ರಾಜ್ಯ ಸರ್ಕಾರ ಇಲ್ಲಿ ಬರೀ ಆಳುವವರಲ್ಲ, ಗಿರಾಕಿಯೂ ಹೌದು. 2024ರ ಡಿಜಿಟಲ್ ಜಾಹೀರಾತು ಮಾರ್ಗಸೂಚಿಯ ಮೂಲಕ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಈ ವೇದಿಕೆಗಳಲ್ಲಿ ಜಾಹೀರಾತು ಕೊಡುವುದಕ್ಕೆ ಕ್ರಮಬದ್ಧ ದಾರಿ ಮಾಡಿಕೊಂಡಿದೆ. ಗಿರಾಕಿ ಷರತ್ತು ಹಾಕುವುದಕ್ಕೆ ಯಾವ ಹೊಸ ಕಾನೂನೂ ಬೇಡ. ನಮ್ಮ ಜಾಹೀರಾತು ಯಾವ ಯಾವ ಚಾನೆಲ್ಲಿನ ಯಾವ ವಿಡಿಯೊಗಳ ಮೇಲೆ, ಎಷ್ಟು ಸಲ, ಎಷ್ಟು ದರಕ್ಕೆ ಬಂತೆಂಬ ಪೂರ್ಣ ಪಟ್ಟಿಯನ್ನು ಬಿಲ್ಲಿನ ಜೊತೆ ಲಗತ್ತಿಸಿದರೆ ಮಾತ್ರ ಹಣ ಮಂಜೂರು ಎಂದು ಒಂದು ಸಾಲನ್ನು ಕರಾರಿಗೆ ಸೇರಿಸಿದರೆ ಸಾಕು. ಗ್ಯಾರಂಟಿ ಯೋಜನೆಯ ಜಾಹೀರಾತು ಕೋಮುದ್ವೇಷದ ವಿಡಿಯೊದ ತಲೆಯ ಮೇಲೆ ಕೂತಿತ್ತೋ, ನಕಲಿ ವೈದ್ಯನ ಭಾಷಣದ ನಡುವೆ ಬಂತೋ ಎಂಬುದು ಆಗ ತೆರಿಗೆ ಕೊಟ್ಟವರಿಗೆ ಗೊತ್ತಾಗುತ್ತದೆ. ಲಗತ್ತುಗಳಿಲ್ಲದ ಬಿಲ್ಲನ್ನು ನಾನು ಕೆಲಸದಲ್ಲಿದ್ದಾಗ ಯಾವ ಸೊಸೈಟಿಯಲ್ಲೂ ಪಾಸು ಮಾಡಿದ್ದಿಲ್ಲ.

ಹಿಂದಿನ ಆರ್ಥಿಕ ವರ್ಷದಲ್ಲಿ ಇಲಾಖೆ ಈ ವೇದಿಕೆಗಳಿಗೆ ಕೊಟ್ಟ ಹಣ, ಅದಕ್ಕೆ ಪ್ರತಿಯಾಗಿ ಪಡೆದ ಪಟ್ಟಿ, ಪಟ್ಟಿ ಇಲ್ಲದಿದ್ದರೆ ಬಿಲ್ಲು ಪಾಸು ಮಾಡಿದ ಅಧಿಕಾರಿಯ ಟಿಪ್ಪಣಿ, ಇವುಗಳ ದೃಢೀಕೃತ ಪ್ರತಿ ಕೋರಿ ಮಾಹಿತಿ ಹಕ್ಕು ಅರ್ಜಿಯೊಂದನ್ನು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಮೇತ ಈ ಪತ್ರದ ಜೊತೆಯಲ್ಲೇ ಅಂಚೆಗೆ ಹಾಕುತ್ತಿದ್ದೇನೆ. ಮೂವತ್ತು ದಿನದೊಳಗೆ ಬರುವ ಉತ್ತರವನ್ನು ಪ್ರಕಟಣೆಗಾಗಿ ನಿಮಗೆ ಕಳಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕಪರಿಶೋಧಕ, ಶಿವಮೊಗ್ಗ